ಅವ್ವ ಪೂಜೆಗೆ ಬಾರದ ತಿಂಗಳುಗಳು

ನಮ್ಮ ಮನೆಯಲ್ಲಿ ದೇವರ ವಿಷಯಕ್ಕೆ ಜಗಳವಾಗದೆ ಊಟ ಮುಗಿದ ದಿನ ನನಗೆ ನೆನಪಿಲ್ಲ. ಬೇರೆಯವರ ಮನೆಗಳಲ್ಲಿ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದೋ ಹೊಲದ ಬದುವಿನ ಸಲುವಾಗಿಯೋ ದನಿ ಏರುತ್ತಿತ್ತು. ನಮ್ಮಲ್ಲಿ ಮಾತ್ರ, ದೇವರು ಸರ್ವಶಕ್ತನಾದರೆ ಸೈತಾನನನ್ನು ಇನ್ನೂ ಯಾಕೆ ಸಾಕಿಕೊಂಡಿದ್ದಾನೆ ಎಂಬುದಕ್ಕೆ ಏರುತ್ತಿತ್ತು. ಅಪ್ಪ ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅದಕ್ಕೂ ಮುಂಚೆ ಪಾದ್ರಿಯಾಗಲೆಂದು ಸೆಮಿನರಿ ಸೇರಿ, ಓದು ಅರ್ಧಕ್ಕೆ ಬಿಟ್ಟು ಬಂದು ಅವ್ವನನ್ನು ಮದುವೆಯಾದವನು. ಸೆಮಿನರಿ ಬಿಟ್ಟರೂ ಅಲ್ಲಿ ಹತ್ತಿದ ವಾದದ ಚಟ ಅವನನ್ನು ಬಿಟ್ಟಿರಲಿಲ್ಲ. ರೊಟ್ಟಿಯ ತುತ್ತನ್ನು ಬಾಯಿಯ ತನಕ ಒಯ್ದು, ಅಷ್ಟರಲ್ಲಿ ಒಂದು ಪ್ರಶ್ನೆ ಹೊಳೆದರೆ ಆ ತುತ್ತು ಅಲ್ಲೇ ಗಾಳಿಯಲ್ಲಿ ನಿಂತುಬಿಡುತ್ತಿತ್ತು. ಎದುರಾಳಿ ಯಾವಾಗಲೂ ಆಯಿ, ಅಂದರೆ ಅಪ್ಪನ ತಾಯಿ. ಮಗ ಪಾದ್ರಿಯಾಗಿದ್ದರೆ ಈ ವಾದಗಳನ್ನೆಲ್ಲ ಚರ್ಚಿನೊಳಗೆ ನಿಂತು ಮಾಡುತ್ತಿದ್ದ, ಈಗ ತನ್ನ ತಲೆ ತಿನ್ನುತ್ತಾನೆ ಎಂಬುದು ಅವಳ ದೂರು. ಓದು ಬರಹ ಅಷ್ಟಕ್ಕಷ್ಟೇ, ಆದರೆ ಧರ್ಮೋಪದೇಶದ ಪ್ರಶ್ನೋತ್ತರಗಳು ಅವಳಿಗೆ ಬಾಯಿಪಾಠ. ಅವ್ವ, ಊರವರಿಗೆ ಮಾರ್ತವ್ವ, ಈ ಯಾವುದಕ್ಕೂ ಬಾಯಿ ಹಾಕುತ್ತಿರಲಿಲ್ಲ. ಇಬ್ಬರ ತಾಟಿಗೂ ಬಿಸಿ ರೊಟ್ಟಿ ಹಾಕಿ ಒಲೆಯ ಕಡೆ ತಿರುಗುತ್ತಿದ್ದಳು. ಅವಳಿಗೆ ಹೇಳುವುದೇನೂ ಇಲ್ಲವೆಂದೇ ನಾವೆಲ್ಲ ತಿಳಿದಿದ್ದೆವು.

ನಾವಿದ್ದದ್ದು ಗಂಗವ್ವನ ಮನೆಯ ಅರ್ಧ ಭಾಗದಲ್ಲಿ. ನಾನು ಅವಳನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಲಿಂಗಾಯತರ ಮನೆತನ, ಗಂಡ ತೀರಿಕೊಂಡಿದ್ದ, ಎರೆಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಎರಡೂ ಭಾಗಗಳ ನಡುವೆ ಒಂದು ಬಾಗಿಲಿತ್ತು. ಅದಕ್ಕೆ ಚಿಲಕ ಹಾಕಿದ್ದನ್ನು ನಾನು ನೋಡಿಲ್ಲ. ಮನೆ ಕೊಡುವಾಗ ಅವಳು ಇಟ್ಟ ಕರಾರು ಒಂದೇ, ಒಳಗೆ ಮಾಂಸ ಮೊಟ್ಟೆ ಬೇಯಬಾರದು. ಅಪ್ಪ ಒಪ್ಪಿದ್ದ. ಆದರೆ ಇದರಿಂದ ನಮ್ಮ ಮನೆಯಲ್ಲಿ ಭಾರಿ ತೊಡಕೊಂದು ಹುಟ್ಟಿತು. ಕಥೋಲಿಕರು ಶುಕ್ರವಾರ ಮಾಂಸ ಬಿಡಬೇಕು. ವಾರವಿಡೀ ತಿನ್ನದವರು ಶುಕ್ರವಾರ ಏನನ್ನು ಬಿಡುವುದು? ಬಿಡಲು ಏನೂ ಇಲ್ಲದವನಿಗೆ ನಿಯಮವೂ ಇಲ್ಲ ಎಂದು ಅಪ್ಪ ಗಣಿತದ ಲೆಕ್ಕ ಬಿಡಿಸಿದಂತೆ ಬಿಡಿಸಿಟ್ಟ. ಆಯಿ ಕೇಳಲಿಲ್ಲ. ನಾಲಿಗೆಗೆ ಯಾವುದು ಹೆಚ್ಚು ಬೇಕೆನಿಸುತ್ತದೋ ಅದೇ ಮಾಂಸ ಎಂದು ತೀರ್ಪು ಕೊಟ್ಟು, ಶುಕ್ರವಾರ ನಮ್ಮೆಲ್ಲರಿಗೂ ಶೇಂಗಾ ಚಟ್ನಿ ಬಂದ್ ಮಾಡಿದಳು. ಈ ಸುದ್ದಿ ನಡುಬಾಗಿಲು ದಾಟಿ ದೊಡ್ಡವ್ವನಿಗೂ ಮುಟ್ಟಿತು. ಅಂದಿನಿಂದ ಅವಳು ಶುಕ್ರವಾರದ ದಿನ ಚಟ್ನಿ ಕುಟ್ಟುವುದನ್ನೇ ಬಿಟ್ಟಳು. ವಾಸನೆ ಬಂದು ನಮ್ಮ ವ್ರತ ಕೆಡಬಾರದಲ್ಲ. ಹೀಗೆ ನಮ್ಮ ಆಯಿಯ ತೀರ್ಪಿಗೆ ಒಂದು ಲಿಂಗಾಯತ ಮನೆಯೂ ಒಳಪಟ್ಟಿತ್ತೆಂಬುದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ನಗು ಬರುತ್ತದೆ.

ಊರಿನಲ್ಲಿ ಕಥೋಲಿಕರೆಂದರೆ ನಾವು, ರೈಲ್ವೆ ಕ್ವಾರ್ಟರ್ಸಿನ ಕೆಲವರು, ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಮಿಸ್ತ್ರಿಯ ಮನೆಯವರು, ಅಷ್ಟೇ. ಚರ್ಚು ಇರಲಿಲ್ಲ. ತಿಂಗಳಿಗೊಂದು ಭಾನುವಾರ ಹುಬ್ಬಳ್ಳಿಯಿಂದ ಫಾದರ್ ಪಾಸ್ಕಲ್ ಪ್ಯಾಸೆಂಜರ್ ಗಾಡಿಯಲ್ಲಿ ಬಂದು ನಮ್ಮ ಪಡಸಾಲೆಯಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರು. ಅಪ್ಪ ಪೇಪರು ತಿದ್ದುವ ಮೇಜಿನ ಮೇಲೆ ಅವ್ವ ಇಸ್ತ್ರಿ ಮಾಡಿದ ಬಿಳಿ ಧೋತರ ಹಾಸಿದರೆ ಅದೇ ಪೀಠ. ಪೂಜೆ ಲತೀನ್ ಭಾಷೆಯಿಂದ ಕನ್ನಡಕ್ಕೆ ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ದೇವರಿಗೆ ಲತೀನು ರೂಢಿಯಾಗಿದೆ, ಕನ್ನಡ ಅರ್ಥ ಮಾಡಿಕೊಳ್ಳುವುದಕ್ಕೆ ಅವನಿಗೆ ತುಸು ಹೊತ್ತು ಹಿಡಿಯಬಹುದು ಎಂದು ಆಯಿ ಗುಮಾನಿ ಪಡುತ್ತಿದ್ದಳು. ಫಾದರ್ ಮಂಗಳೂರ ಕಡೆಯವರು, ಮಾತು ಪುಸ್ತಕದ ಕನ್ನಡ, ಸ್ವಭಾವ ಮೆತ್ತಗೆ. ಪೂಜೆಯ ಮೇಲೆ ಊಟಕ್ಕೆ ಕೂತರೆ ಅವರಿಗೂ ಅಪ್ಪನಿಗೂ ಶುರುವಾಗುತ್ತಿತ್ತು. ಚಂದ್ರನ ಮೇಲೆ ಮನುಷ್ಯ ಇಳಿದ ಮೇಲೆ ಸ್ವರ್ಗವನ್ನು ಮೇಲೆ ಎನ್ನಬಹುದೋ ಇಲ್ಲವೋ, ಹೆಚ್ಚು ಮಕ್ಕಳು ಬೇಡವೆಂದು ಸರ್ಕಾರದವರು ಮನೆಮನೆಗೆ ಬಂದರೆ ಕಥೋಲಿಕ ಮಾಸ್ತರನೊಬ್ಬ ಏನು ಹೇಳಬೇಕು, ಯೇಸುವಿನ ಹೆಸರನ್ನೇ ಕೇಳದೆ ಸತ್ತ ಒಳ್ಳೆಯವರ ಗತಿಯೇನು. ಹಾಗೆ ಕೇಳುವಾಗ ಅಪ್ಪ ನಡುಬಾಗಿಲಿನ ಕಡೆ ಕೈ ತೋರಿಸುತ್ತಿದ್ದ. ಅಲ್ಲಿ ಹೊಸ್ತಿಲಾಚೆ ದೊಡ್ಡವ್ವ ಕಾಳು ಆರಿಸುತ್ತ, ತನ್ನ ಗತಿ ಏನೆಂದು ತೀರ್ಮಾನವಾಗುತ್ತಿದೆ ಎಂಬುದರ ಪರಿವೆಯೇ ಇಲ್ಲದೆ ಕೂತಿರುತ್ತಿದ್ದಳು. ನನ್ನ ತಮ್ಮನ ಜ್ಞಾನಸ್ನಾನವೂ ಅದೇ ಪಡಸಾಲೆಯಲ್ಲೇ ಆಗಿತ್ತು. ಫಾದರ್ ಅವನ ಹೆಸರು ಕರೆದು ನೆತ್ತಿಯ ಮೇಲೆ ನೀರು ಹೊಯ್ದದ್ದನ್ನು, ಅವನು ಕಿರುಚಿದ್ದನ್ನು ದೊಡ್ಡವ್ವ ಹೊಸ್ತಿಲಲ್ಲಿ ನಿಂತು ನೋಡಿ ಬಾಯಿಗೆ ಸೆರಗು ಹಚ್ಚಿ ನಕ್ಕಿದ್ದಳು.

ನನಗೆ ಒಂಬತ್ತು ತುಂಬಿದ ವರ್ಷ ಅವ್ವ ಮತ್ತೆ ಬಸುರಿಯಾದಳು. ಜೋಳದ ಸುಗ್ಗಿಯ ದಿನಗಳು. ಆಯಿ ತನ್ನ ಅಣ್ಣ ತೀರಿಕೊಂಡನೆಂದು ಹಳಿಯಾಳಕ್ಕೆ ಹೋಗಿದ್ದಳು. ಅಪ್ಪ ಪರೀಕ್ಷೆಯ ಕೆಲಸಕ್ಕೆ ನವಲಗುಂದಕ್ಕೆ ಹೋಗಿದ್ದ. ದಿನ ತುಂಬುವುದಕ್ಕೆ ಇನ್ನೂ ಬಹಳ ಮುಂಚೆಯೇ, ಮಟಮಟ ಮಧ್ಯಾಹ್ನ ಅವ್ವನಿಗೆ ಬೇನೆ ಶುರುವಾಯಿತು. ದೊಡ್ಡವ್ವ ಸೂಲಗಿತ್ತಿಗೆ ಆಳು ಕಳಿಸಿದಳು, ಆದರೆ ಸೂಲಗಿತ್ತಿ ಹೊಲಕ್ಕೆ ಹೋಗಿದ್ದಳು. ಅವಳು ಬರುವುದರೊಳಗೆ ಕೂಸು ಬಂತು. ಹೆಣ್ಣು. ಅಂಗೈಯಲ್ಲಿ ಹಿಡಿಯುವಷ್ಟು, ಉಸಿರು ಇದೆಯೋ ಇಲ್ಲವೋ ಎನ್ನುವಂತಿತ್ತಂತೆ. ಅವ್ವ ಇದ್ದ ಶಕ್ತಿಯನ್ನೆಲ್ಲ ಕೂಡಿಸಿಕೊಂಡು, ಅವತ್ತು ಫಾದರ್ ಹಾಕಿದಂತೆ ನೀರು ಹಾಕಿರಿ ಎಂದಿದ್ದಳು. ಅಷ್ಟು ಹೇಳುವುದರಲ್ಲೇ ಅವಳ ದನಿ ಉಡುಗಿತು. ದೊಡ್ಡವ್ವ ತಂಬಿಗೆ ಎತ್ತಿಕೊಂಡು ಕೂಸಿನ ನೆತ್ತಿಗೆ ನೀರು ಹೊಯ್ದಳು, ತನಗೆ ತಿಳಿದಂತೆ ಏನೋ ಹೇಳಿದಳು, ಸೆರಗಿನಿಂದ ಒರೆಸಿ ರೂಢಿಯ ಮೇಲೆ ಹಣೆಗೆ ವಿಭೂತಿಯನ್ನೂ ಹಚ್ಚಿದಳು. ನಾನು ಶಾಲೆಯಿಂದ ಬರುವಾಗ ಎಲ್ಲ ಮುಗಿದಿತ್ತು. ಸಂಜೆ ಅಪ್ಪ ಬಂದ. ನಮ್ಮ ಸ್ಮಶಾನವಿದ್ದದ್ದು ಹುಬ್ಬಳ್ಳಿಯಲ್ಲಿ, ಅಲ್ಲಿಯೂ ಜ್ಞಾನಸ್ನಾನವಾಗದ ಕೂಸುಗಳನ್ನು ಮಂತ್ರಿಸಿದ ಮಣ್ಣಿನ ಆಚೆಗೆ, ಗೋಡೆಯ ಬದಿಗೆ ಹೂಳುವ ರೂಢಿ. ಅಪ್ಪ ಅದನ್ನು ಹೇಳುತ್ತಿದ್ದಂತೆ ದೊಡ್ಡವ್ವ, ನಮ್ಮ ಮನಿಯವರು ಮಲಗಿದ ಕಡಿಗೇ ಮಲಗಲಿ ಬಿಡ್ರಿ ಮಾಸ್ತರ ಎಂದಳು. ಲಿಂಗಾಯತರೂ ಹೂಳುವವರೇ. ಅವಳ ಹೊಲದ ಮೂಲೆಯಲ್ಲಿ, ಅವಳ ಗಂಡನ ಪಕ್ಕದಲ್ಲಿ ನನ್ನ ತಂಗಿಯನ್ನು ಇಟ್ಟು ಬಂದರು.

ಆಯಿ ಬಂದವಳೇ ಮೊದಲು ಕೇಳಿದ್ದು ನೀರು ಬಿತ್ತೇ ಎಂದು. ನಮ್ಮ ಧರ್ಮದಲ್ಲಿ ಒಂದು ದೊಡ್ಡ ಮನಸ್ಸಿನ ಮಾತಿದೆ. ಸಾಯುವ ಕೂಸಿಗೆ ಪಾದ್ರಿಯೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಕೊಡುವವರು ಕ್ರೈಸ್ತರೇ ಆಗಿರಬೇಕೆಂದೂ ಇಲ್ಲ. ನೀರು ಬೇಕು, ಚರ್ಚು ಏನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸು ಬೇಕು, ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಬೇಕು. ನೀರು ಬಿದ್ದಿತ್ತು. ಮನಸ್ಸಿನ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಮಾತು? ದೊಡ್ಡವ್ವ, ಆ ಗಾಬರಿಯೊಳಗ ಏನಂದೆನೋ ಎಂದು ತಲೆ ತಗ್ಗಿಸಿದಳು. ಅವ್ವನನ್ನು ಕೇಳಿದರೆ ಗೋಡೆಯ ಕಡೆ ಹೊರಳಿ ಮಲಗಿದಳು. ಆಯಿ ಮಂಚದ ಕಾಲಿಗೊರಗಿ ಕೂತು ಅತ್ತಳು. ಜ್ಞಾನಸ್ನಾನವಿಲ್ಲದೆ ಹೋದ ಕೂಸುಗಳಿಗೆ ಸ್ವರ್ಗವೂ ಅಲ್ಲದ ನರಕವೂ ಅಲ್ಲದ ಲಿಂಬೊ ಎಂಬ ಜಾಗವಿದೆಯೆಂದು ಅವಳು ಕಲಿತಿದ್ದಳು. ಅಲ್ಲಿ ಉರಿಯಿಲ್ಲ, ಹಸಿವಿಲ್ಲ. ಆದರೆ ದೇವರ ಮುಖ ಕಾಣುವುದಿಲ್ಲ.

ಮುಂದಿನ ಪೂಜೆಯ ಭಾನುವಾರ ಫಾದರ್ ಬಂದಾಗ ಊಟಕ್ಕೆ ಕೂತಲ್ಲಿ ಇದೇ ಮಾತು ಎದ್ದಿತು. ಅಪ್ಪ ಅಂದು ವಾದಿಸಿದಂತೆ ಮತ್ತೆ ಯಾವತ್ತೂ ವಾದಿಸಲಿಲ್ಲ. ದೇವರು ಮನುಷ್ಯರನ್ನು ನೀರಿಗೆ ಕಟ್ಟಿದ್ದಾನೆ, ಸರಿ, ತನ್ನನ್ನೂ ಕಟ್ಟಿಕೊಂಡಿದ್ದಾನೆಯೇ? ಜ್ಞಾನಸ್ನಾನ ಬೇಕೆಂದು ಆಸೆಪಟ್ಟು ಅದು ಸಿಗುವ ಮೊದಲೇ ಸತ್ತವನಿಗೆ ಆ ಆಸೆಯೇ ಸಾಕೆನ್ನುತ್ತೀರಿ, ಮಾತು ಬಾರದ ಕೂಸಿನ ಪರವಾಗಿ ತಾಯಿ ಪಟ್ಟ ಆಸೆ ಯಾಕೆ ಸಾಲದು? ಲಿಂಬೊ ಎಂಬುದು ಪಂಡಿತರು ಕಟ್ಟಿದ ಊಹೆ, ನಂಬಲೇಬೇಕಾದ ಸತ್ಯವೆಂದು ಚರ್ಚು ಎಲ್ಲಿ ಹೇಳಿದೆ? ಫಾದರ್ ಒಂದೊಂದಕ್ಕೂ ತಲೆದೂಗುತ್ತ, ಕೊನೆಗೆ ಆದರೂ ಖಚಿತವಿಲ್ಲ ಮಾಸ್ತರೇ ಎನ್ನುತ್ತಿದ್ದರು. ಕೂಸಿಗೆ ನೋವಂತೂ ಇರುವುದಿಲ್ಲ, ಆ ಸಮಾಧಾನ ಇಟ್ಟುಕೊಳ್ಳಬೇಕು ಎಂದರು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ, ಆ ಮನೆಯ ಊಟದ ಹೊತ್ತಿನ ವಾದದಲ್ಲಿ ಮೊದಲ ಸಲ ಬಾಯಿಬಿಟ್ಟಳು.

"ನನ್ನ ಮುಖಾನೂ ಸರಿಯಾಗಿ ನೋಡ್ಲಿಲ್ರಿ ಅದು. ಇನ್ನ ದೇವರ ಮುಖಾನೂ ತೋರಸೂದಿಲ್ಲೇನ್ರಿ ಫಾದರ್?"

ಫಾದರ್ ಎತ್ತಿದ ತುತ್ತನ್ನು ತಾಟಿಗೇ ಇಳಿಸಿದರು. ಉತ್ತರ ಬರುವ ತನಕ ನಾ ಪೂಜಿಗೆ ಕೂಡೂದಿಲ್ಲ ಎಂದು ಅವ್ವ ಒಳಗೆ ಹೋದಳು. ಅದು ಸಿಟ್ಟಿನ ಮಾತೆಂದು ನಾವು ತಿಳಿದೆವು. ಆದರೆ ಮುಂದಿನ ತಿಂಗಳು ಧೋತರ ಹಾಸಿ, ಮೇಣದ ಬತ್ತಿ ಹಚ್ಚಿಟ್ಟು, ಫಾದರ್ ಪೂಜೆ ಆರಂಭಿಸುವ ಹೊತ್ತಿಗೆ ಸರಿಯಾಗಿ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಪಡಸಾಲೆಯಲ್ಲಿ ಪವಿತ್ರ, ಪವಿತ್ರ ಎಂದು ಹಾಡುವಾಗ ಒಳಗಿನಿಂದ ಪಟಪಟ ಸದ್ದು. ರೈಲ್ವೆ ಕ್ವಾರ್ಟರ್ಸಿನವರು ಮುಖ ಮುಖ ನೋಡಿಕೊಂಡರು. ಪರಮಪ್ರಸಾದ ಕೊಡುವ ಹೊತ್ತಿಗೆ ಫಾದರ್ ಒಂದು ಗಳಿಗೆ ಅಡುಗೆಮನೆಯ ಕಡೆ ನೋಡುತ್ತ ನಿಂತರು. ಸದ್ದು ನಿಲ್ಲಲಿಲ್ಲ. ತಿಂಗಳ ಮೇಲೆ ತಿಂಗಳು ಹೀಗೇ ಆಯಿತು. ಅವ್ವ ಯಾರ ಮೇಲೂ ರೇಗುತ್ತಿರಲಿಲ್ಲ, ಕೆಲಸ ಬಿಡಲಿಲ್ಲ, ನನ್ನ ಜಡೆ ಹಾಕುವುದನ್ನೂ ಬಿಡಲಿಲ್ಲ. ದೇವರೊಂದಿಗೆ ಮಾತ್ರ ಮಾತು ಬಿಟ್ಟಿದ್ದಳು. ನನಗೆ ಆಗ ಅದು ಭಯ ಹುಟ್ಟಿಸಿತ್ತು, ಅವಳೂ ದೇವರ ಮುಖ ಕಾಣದ ಜಾಗಕ್ಕೆ ಹೋಗಿ ಕೂತಿದ್ದಾಳೆ ಅನ್ನಿಸುತ್ತಿತ್ತು. ಅಪ್ಪ ಅವಳ ಬಳಿ ಕೂತು ಹೊಸ ಹೊಸ ವಾದಗಳನ್ನು ಹೇಳುತ್ತಿದ್ದ. ನೀವು ಗೆದ್ರ ಆಕಿ ಬರ್ತಾಳೇನು ಎಂದು ಅವಳು ಒಮ್ಮೆ ಕೇಳಿದ ಮೇಲೆ ಅದನ್ನೂ ಬಿಟ್ಟ. ಊಟದ ಹೊತ್ತಿನ ಜಗಳಗಳು ನಿಂತುಹೋದವು. ಅಂಥ ಮೌನದ ಊಟ ಯಾರಿಗೂ ಬೇಡ.

ಈ ಮೌನವನ್ನು ತಡೆಯಲಾರದೆ ಹೋದವಳು ಆಯಿ. ಒಂದು ಶನಿವಾರ ಮಧ್ಯಾಹ್ನ ನಾನು ಹಿತ್ತಲ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಆಯಿ ದೊಡ್ಡವ್ವನ ಎದುರು ಕೂತು, ಅವಳ ಮೊರದಲ್ಲಿ ತಾನೂ ಕೈಯಾಡಿಸುತ್ತ ಏನೋ ಕಲಿಸುತ್ತಿದ್ದಳು. ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ. ದೊಡ್ಡವ್ವ ತೊದಲುತ್ತ ಹಿಂದೆ ಹೇಳುತ್ತಿದ್ದಳು. ಪವಿತ್ರಾತ್ಮರ ಎಂಬಲ್ಲಿ ಬಂದು ಎಡವುತ್ತಿದ್ದಳು, ಆಯಿ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದಳು. ನಾಳೆ ಫಾದರ್ ಕೇಳಿದರೆ ಇದನ್ನೇ ಅಂದಿದ್ದೆ ಎನ್ನಬೇಕು, ಅಷ್ಟಾದರೆ ಕೂಸಿನ ಜ್ಞಾನಸ್ನಾನ ಊರ್ಜಿತ, ಸೊಸೆ ಒಲೆ ಬಿಟ್ಟು ಪೂಜೆಗೆ ಬರುತ್ತಾಳೆ ಎಂಬುದು ಅವಳ ಹಂಚಿಕೆ. ದೊಡ್ಡವ್ವ ಬೆರಳಾಡಿಸುವುದನ್ನು ನಿಲ್ಲಿಸಿ ಕೇಳಿದಳು:

"ಇದು ಸುಳ್ಳಲ್ಲೇನ್ರಿ ಆಯಿ?"

"ಸುಳ್ಳು ನಂದವ್ವಾ, ನಿಂದಲ್ಲ. ಅದಕ್ಕ ದೇವರ ಮುಂದ ಜವಾಬು ನಾ ಕೊಡತೇನಿ."

ಸುಳ್ಳು ಹೇಳಿಸುವುದು ಹೇಳುವುದಕ್ಕಿಂತ ದೊಡ್ಡ ಪಾಪ ಎಂದು ನಮಗೆ ಕಿವಿ ಹಿಂಡಿ ಕಲಿಸಿದವಳು ಇವಳೇ. ಒಂದು ಶೇಂಗಾ ಚಟ್ನಿಗೆ ರಿಯಾಯಿತಿ ಕೊಡದವಳು ತನ್ನ ಆತ್ಮವನ್ನೇ ಪಣಕ್ಕೆ ಇಟ್ಟು ಕೂತಿದ್ದಳು. ನಾನು ಪುಸ್ತಕದ ಮರೆಯಿಂದ ಅವಳನ್ನು ನೋಡಿದೆ. ಅಷ್ಟು ಪ್ರೀತಿ ಆ ಮುದುಕಿಯ ಮೇಲೆ ನನಗೆ ಮೊದಲು ಹುಟ್ಟಿರಲಿಲ್ಲ.

ಭಾನುವಾರ ಪೂಜೆಗೆ ಮುಂಚೆ ಆಯಿಯೇ ಫಾದರ್‌ಗೆ ಹೇಳಿ ದೊಡ್ಡವ್ವನನ್ನು ಪಡಸಾಲೆಗೆ ಕರೆಸಿದಳು. ದೊಡ್ಡವ್ವ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಬಂದು ಕಂಬಕ್ಕೆ ಒತ್ತಿ ನಿಂತಳು. ಅವತ್ತು ನೀರು ಹಾಕುವಾಗ ಏನು ಹೇಳಿದಿರಿ ಎಂದು ಫಾದರ್ ಮೆಲ್ಲಗೆ ಕೇಳಿದರು. ಅವಳು ಕಣ್ಣು ಮುಚ್ಚಿ, ಪಾಠ ಒಪ್ಪಿಸುವ ಹುಡುಗಿಯಂತೆ, ಎಲ್ಲಿಯೂ ಎಡವದೆ ಒಪ್ಪಿಸಿದಳು. ಫಾದರ್ ಮುಖ ಅರಳಿತು. ಅಂದ ಮೇಲೆ ಸಂಶಯವೇ ಇಲ್ಲ, ಕೂಸು ದೇವರ ಬಳಿ ಇದೆ ಎಂದರು. ಅಪ್ಪ ಮಾತ್ರ ನೆಲ ನೋಡುತ್ತಿದ್ದ. ರೊಟ್ಟಿಯ ಸದ್ದು ನಿಂತಿತ್ತು. ಕೈಗೆ ಹಿಟ್ಟು ಮೆತ್ತಿಕೊಂಡೇ ಅವ್ವ ಹೊರಗೆ ಬಂದಳು.

"ಆಕಿ ಹಂಗ ಅನ್ನಲಿಲ್ರಿ ಫಾದರ್. ನನ್ನ ಮೈಯಾಗ ಶಕ್ತಿ ಇರಲಿಲ್ಲ, ಕಿವಿ ನೆಟ್ಟಗಿದ್ದೂ. ಗಂಗಕ್ಕಾ, ನೀವು ಅವತ್ತ ಏನಂದ್ರಿ, ಅದನ್ನ ಹೇಳ್ರಿ."

ದೊಡ್ಡವ್ವ ಆಯಿಯ ಕಡೆ ನೋಡಿದಳು. ಆಯಿ ಕಣ್ಣು ತಪ್ಪಿಸಿದಳು. ದೊಡ್ಡವ್ವ ಕಂಬ ಹಿಡಿದುಕೊಂಡೇ ಕೆಳಗೆ ಕೂತು, ಅಳುತ್ತ ಹೇಳಿದಳು:

"ಯವ್ವಾ ನೀಲವ್ವಾ, ಮಾರ್ತವ್ವನ ದೇವರ ಕೈಯಾಗ ನಿನ್ನ ಕೊಡಾಕತ್ತೀನಿ. ಆಂವಗ ಪುರಸೊತ್ತಿಲ್ಲಂದ್ರ ನಮ್ಮ ಶಿವ ಅದಾನ. ಇಬ್ಬರೊಳಗ ಯಾರರ ಒಬ್ಬರು ಎತ್ಕೊಳ್ರಿ, ಕೂಸಿನ್ನ ಕೆಳಗ ಬಿಡಬ್ಯಾಡ್ರಿ. ಇಷ್ಟರಿ ನಾ ಅಂದದ್ದು. ನೀಲವ್ವ ಅಂದ್ರ ನಮ್ಮವ್ವನ ಹೆಸರು. ನೀವು ಹೆಸರು ಕರದು ನೀರು ಹಾಕಿದ್ದು ನೋಡಿದ್ದೆ, ಆ ಹೊತ್ತಿನಾಗ ಮತ್ತೊಂದು ಹೆಸರು ಬಾಯಿಗೆ ಬರಲಿಲ್ಲ."

ಅವ್ವ ಬಂದು ಅವಳ ಬಾಜೂಕ ಕೂತಳು. ಆಮೇಲೆ ಫಾದರ್ ಕಡೆ ನೋಡಿ, ಸುಳ್ಳು ಹೇಳಿ ನನ್ನ ಮಗಳಿನ್ನ ಸ್ವರ್ಗಕ್ಕ ಕಳಸೂದು ಬ್ಯಾಡ್ರಿ, ಹೆಂಗ ಹೋದಳೋ ಹಂಗ ತಗೋತಾನೋ ಇಲ್ಲೋ ಅಷ್ಟು ಹೇಳ್ರಿ ಎಂದಳು. ನಾನು ಮುಂದೆ ಓದಿ, ದೊಡ್ಡ ದೊಡ್ಡ ಪಂಡಿತರ ವಾದಗಳನ್ನು ಕೇಳಿದೆ. ಬಹಳ ವರ್ಷಗಳ ಮೇಲೆ, ಇಂಥ ಕೂಸುಗಳ ಬಗ್ಗೆ ಭರವಸೆ ಇಟ್ಟುಕೊಳ್ಳುವುದಕ್ಕೆ ಕಾರಣಗಳಿವೆ ಎಂದು ರೋಮಿನ ಪಂಡಿತರೇ ಬರೆದದ್ದನ್ನೂ ಓದಿದೆ. ಆದರೆ ಆ ಪ್ರಶ್ನೆಯನ್ನು ಅವ್ವನಷ್ಟು ನೇರವಾಗಿ ಕೇಳಿದವರನ್ನು ಕಂಡಿಲ್ಲ. ಫಾದರ್ ಬಂದು ಅವಳ ಎದುರು ನೆಲದ ಮೇಲೆಯೇ ಕೂತರು.

"ನನಗೆ ಗೊತ್ತಿಲ್ಲ ಮಾರ್ತಾ. ಇಷ್ಟು ದಿನ ಗೊತ್ತಿದ್ದವನ ಹಾಗೆ ಮಾತಾಡಿದೆ. ಅವಳು ಸ್ವರ್ಗದಲ್ಲಿದ್ದಾಳೆ ಅಂತ ಸಾರುವ ಅಧಿಕಾರ ನನಗಿಲ್ಲ, ಇಲ್ಲ ಅನ್ನುವ ಅಧಿಕಾರವೂ ಇಲ್ಲ. ಇವತ್ತು ಪೂಜೆಯಲ್ಲಿ ಅವಳ ಹೆಸರು ಹೇಳಿ ದೇವರ ಕರುಣೆಗೆ ಒಪ್ಪಿಸುತ್ತೇನೆ. ನೀನೂ ಬಂದು ಜೊತೆಗೆ ನಿಲ್ಲಬೇಕು."

ಅವ್ವ ಎದ್ದು ಕೈ ತೊಳೆದುಕೊಂಡು ಬಂದಳು. ಆ ದಿನ ಸತ್ತವರನ್ನು ನೆನೆಯುವ ಜಾಗಕ್ಕೆ ಬಂದಾಗ ಫಾದರ್ ತಮ್ಮ ಮಂಗಳೂರ ನಾಲಿಗೆಯಲ್ಲಿ ನೀಲವ್ವ ಎಂದು ಹೇಳಿದರು. ಯಾವ ಸಂತಳ ಹೆಸರೂ ಅಲ್ಲದ, ಅಣ್ಣಿಗೇರಿಯ ಹೆಸರು. ಅವ್ವ ಪರಮಪ್ರಸಾದ ತೆಗೆದುಕೊಂಡಳು. ಪಾಪ ಹೊತ್ತುಕೊಂಡು ಪ್ರಸಾದ ತೆಗೆದುಕೊಳ್ಳುವಂತಿಲ್ಲವೆಂದು ಮುಂದೆ ಹೋಗದೆ ಕೂತವಳು ಆಯಿ. ಸುಳ್ಳು ಕಲಿಸಿದ್ದು ತಾನೇ ಎಂದು ಅವಳು ಫಾದರ್ ಮುಂದೆ ಆಗಲೇ ಹೇಳಿದ್ದಳು. ಪಾಪನಿವೇದನೆ ಮಾಡಿಬಿಡಿ, ಐದು ನಿಮಿಷದ ಕೆಲಸ ಎಂದು ಅವರು ಕರೆದರೆ, ಪಾಪ ಮಾಡೀನಿ ಖರೆ, ಆದರ ಪಶ್ಚಾತ್ತಾಪ ಆಗವಲ್ದು, ಆಗದ ಹೆಂಗ ಕ್ಷಮಾ ಬೇಡ್ಲಿ ಎಂದು ಮೂಲೆ ಹಿಡಿದು ಕೂತಳು. ಎಷ್ಟೋ ತಿಂಗಳುಗಳ ಮೇಲೆ ಅಪ್ಪ ಜೋರಾಗಿ ನಕ್ಕ. ಊಟಕ್ಕೆ ಕೂತಾಗ, ಪ್ರೀತಿಯಿಂದ ಮಾಡಿದ ಪಾಪಕ್ಕೆ ಪಶ್ಚಾತ್ತಾಪ ಬೇಕೇ ಬೇಡವೇ ಎಂದು ತಾಯಿಯನ್ನು ಕೆಣಕಿದ. ಬೇಕು ಎಂದು ಆಯಿಯೇ ತನ್ನ ವಿರುದ್ಧ ವಾದಿಸಿದಳು. ತುತ್ತು ಮತ್ತೆ ಗಾಳಿಯಲ್ಲಿ ನಿಂತಿತು, ಅವ್ವ ಬಿಸಿ ರೊಟ್ಟಿ ಹಾಕಿದಳು.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ದಿನದಂತೆ ನಾವೆಲ್ಲ ಪಡಸಾಲೆಯಲ್ಲಿ ಜಪಸರ ಹಿಡಿದು ಮೊಣಕಾಲೂರಿದೆವು. ಜಪ ನಡೆಸುವವಳು ಆಯಿ. ಕೊನೆಯಲ್ಲಿ ಅವಳು ಒಬ್ಬೊಬ್ಬ ಸಂತರ ಹೆಸರು ಹೇಳುವುದು, ನಾವು ನಮಗಾಗಿ ಪ್ರಾರ್ಥಿಸಿರಿ ಎನ್ನುವುದು. ಸತ್ತವರಿಗಾಗಿ ನಾವು ಬೇಡಬೇಕು. ದೇವರ ಮುಖವನ್ನು ಕಣ್ಣಾರೆ ಕಾಣುತ್ತಿರುವವರನ್ನು ಮಾತ್ರ ನಮಗಾಗಿ ಬೇಡಿರಿ ಎಂದು ಕೇಳಬೇಕು. ಆ ಎರಡನ್ನೂ ಕಲಸಬಾರದು, ಯಾರು ಅಲ್ಲಿದ್ದಾರೆಂದು ಹೇಳುವ ಹಕ್ಕು ರೋಮಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ ಎಂದು ನಮಗೆ ಕಲಿಸಿದವಳೂ ಆಯಿಯೇ. ಸಂತ ಜೋಸೆಫರೇ, ಸಂತ ಅಂತೋನಿಯವರೇ, ಸಂತ ಮೋನಿಕಳೇ ಎಂದು ಎಂದಿನ ರಾಗದಲ್ಲಿ ಹೇಳುತ್ತ ಬಂದು, ನಿಲ್ಲಿಸಬೇಕಾದ ಕಡೆ ಅವಳು ನಿಲ್ಲಿಸಲಿಲ್ಲ. ಅದೇ ರಾಗದಲ್ಲಿ, ದನಿ ತುಸುವೂ ತಗ್ಗಿಸದೆ, ನೀಲವ್ವಾ ಎಂದಳು. ರೂಢಿಯ ಬಾಯಿ ನಮ್ಮದು. ನಾನೂ ತಮ್ಮನೂ ಅಪ್ಪನೂ, ನಡುಬಾಗಿಲಲ್ಲಿ ಕೂತಿದ್ದ ದೊಡ್ಡವ್ವನೂ ಏನು ಹೇಳುತ್ತಿದ್ದೇವೆಂದು ತಿಳಿಯುವ ಮೊದಲೇ ನಮಗಾಗಿ ಪ್ರಾರ್ಥಿಸಿರಿ ಎಂದು ಹೇಳಿ ಮುಗಿಸಿದ್ದೆವು. ನಮ್ಮೆಲ್ಲರ ಹಿಂದಿನಿಂದ, ತಡವಾಗಿ, ಅವ್ವನ ಒಂದೇ ದನಿ ಬಂತು.

"ನಮಗಾಗಿ ಬೇಡಿಕೋ ಮಗಳ."